ಕಾಲುಚೀಲಕ್ಕೆ ಹತ್ತಿದ ಯಂತ್ರ

ದಸರೆಯ ಗದ್ದಲ ಮುಗಿದು, ಹಿಂಗಾರು ಮಳೆ ಹಿಂದೆಗೆದು, ಬೆಳಗಿನ ಹೊತ್ತು ಇಬ್ಬನಿ ಬೀಳತೊಡಗಿತೆಂದರೆ ಚಾಮುಂಡಿ ಬೆಟ್ಟದ ಕಲ್ಲು ಇಳಿಜಾರುಗಳು ಹಸಿರು ಬಿಟ್ಟು ಕಂದು ಬಣ್ಣಕ್ಕೆ ತಿರುಗುತ್ತವೆ. ಮೆಟ್ಟಿಲ ದಾರಿ ಬಿಟ್ಟು ನಾಲ್ಕು ಹೆಜ್ಜೆ ಹುಲ್ಲಿನಲ್ಲಿ ಅಡ್ಡಾಡಿ ಬಂದವರ ಕಾಲುಚೀಲ, ಪಂಚೆ, ಸೀರೆಯ ಅಂಚು ಎಲ್ಲವಕ್ಕೂ ಉದ್ದ ಬಾಲದ ಕಂದು ಮುಳ್ಳುಗಳು ಸಾಲಾಗಿ ಚುಚ್ಚಿಕೊಂಡಿರುತ್ತವೆ. ಒಂದೊಂದನ್ನೂ ಬಿಡಿಸಿ ಕೀಳುವಷ್ಟರಲ್ಲಿ ಮನೆಯ ಹೆಂಗಸರಿಗೆ ಸಾಕುಸಾಕಾಗುತ್ತದೆ. ಎಳೆದರೆ ಹಿಂದಕ್ಕೆ ಬಾರದು, ಮುಂದಕ್ಕೆ ತಳ್ಳಿದರೆ ಮಾತ್ರ ಹೊರಬರುತ್ತದೆ ಎಂಬ ಗುಟ್ಟು ಅನುಭವಸ್ಥರಿಗೆ ಗೊತ್ತು.

ನಮ್ಮ ಉದಯಗಿರಿಯ ಹೆಸರಿನಲ್ಲಿ ಗಿರಿ ಇದೆಯೇ ಹೊರತು ಬಡಾವಣೆಯಲ್ಲಿ ಇಲ್ಲ. ಬೆಟ್ಟ ನೋಡಬೇಕಾದರೆ ದಕ್ಷಿಣಕ್ಕೆ ತಿರುಗಿ ಚಾಮುಂಡಿಯನ್ನೇ ನೋಡಬೇಕು. ಖಾಲಿ ನಿವೇಶನಗಳಲ್ಲಿ ಬೆಳೆಯುವುದು ಬಹುಪಾಲು ಕಾಂಗ್ರೆಸ್ ಗಿಡ. ಹೀಗಾಗಿ ಇಲ್ಲಿನ ಮಕ್ಕಳಿಗೆ ಈ ಮುಳ್ಳಿನ ಪರಿಚಯವಾಗುವುದು ಬೆಟ್ಟಕ್ಕೆ ಹೋಗಿ ಬಂದಾಗಲೇ. ಎಂಟನೆಯ ತರಗತಿಯ ಹುಡುಗಿಯೊಬ್ಬಳು ಅಂಥದೊಂದು ಮುಳ್ಳನ್ನು ಕಾಗದದಲ್ಲಿ ಮಡಿಸಿ ತಂದಿದ್ದಳು. ಬಟ್ಟೆ ಒಗೆಯುವಾಗ ಅದಕ್ಕೆ ನೀರು ತಾಗಿ, ಬಾಲ ತಾನೇ ತಾನಾಗಿ ತಿರುಗಿತಂತೆ. ಅವಳ ತಾಯಿ ಹುಳುವೆಂದು ಹೌಹಾರಿ ದೂರ ಎಸೆದರಂತೆ. ‘ಸಾರ್, ಇದಕ್ಕೆ ಜೀವ ಇದೆಯಾ?’ ಎಂಬುದು ಅವಳ ಪ್ರಶ್ನೆ. ಬಹಳ ಒಳ್ಳೆಯ ಪ್ರಶ್ನೆ. ಅದಕ್ಕೆ ಉತ್ತರ ಹೇಳಲು ಮೊದಲು ಹುಲ್ಲಿನ ಹೆಸರಿನಿಂದ ಆರಂಭಿಸಬೇಕು.

ಭತ್ತದ ಕೆಲವು ತಳಿಗಳಲ್ಲಿ, ಗೋಧಿಯ ತೆನೆಯಲ್ಲಿ ಕಾಳಿನ ಹೊಟ್ಟಿನ ತುದಿಗೆ ಕೂದಲಿನಂಥ ಒರಟು ಎಳೆ ಇರುತ್ತದೆಯಲ್ಲ, ಅದಕ್ಕೆ ಕನ್ನಡದಲ್ಲಿ ಊಬು ಎನ್ನುತ್ತಾರೆ. ಈ ಹುಲ್ಲಿನಲ್ಲಿ ಊಬೇ ಪ್ರಧಾನವಾದ್ದರಿಂದ ಇದು ಊಬಿನ ಹುಲ್ಲು. ಸಸ್ಯಶಾಸ್ತ್ರಜ್ಞರು ಇದಕ್ಕೆ ಹೆಟೆರೋಪೋಗಾನ್ ಕಂಟಾರ್ಟಸ್ ಎಂಬ ಹೆಸರಿಟ್ಟಿದ್ದಾರೆ. ‘ಪೋಗಾನ್’ ಎಂದರೆ ಗ್ರೀಕಿನಲ್ಲಿ ಗಡ್ಡ, ‘ಕಂಟಾರ್ಟಸ್’ ಎಂದರೆ ಲ್ಯಾಟಿನ್ನಿನಲ್ಲಿ ತಿರುಚಿಕೊಂಡದ್ದು. 1753ರಲ್ಲಿ ಲಿನೇಯಸ್ ಇದನ್ನು ವರ್ಣಿಸಿದಾಗ ಆಂಡ್ರೋಪೋಗಾನ್ ಎಂಬ ಜಾತಿಗೆ ಸೇರಿಸಿದ್ದ, ಆಮೇಲೆ ಬೇರ್ಪಡಿಸಿದರು. ಗಡ್ಡವನ್ನು ಮಾತ್ರ ಯಾರೂ ಬಿಡಲಿಲ್ಲ.

ಒಂದು ಬೀಜವನ್ನು ಅಂಗೈಯಲ್ಲಿಟ್ಟು ನೋಡಿ. ಕೆಳತುದಿ ಸೂಜಿಯಂತೆ ಚೂಪು. ಅದರ ಸುತ್ತ ಕೆಂಗಂದು ಬಣ್ಣದ ಗಟ್ಟಿ ರೋಮಗಳಿದ್ದು, ಅವೆಲ್ಲ ಹಿಂದಕ್ಕೆ, ಅಂದರೆ ಬಾಲದ ಕಡೆಗೆ ಬಾಗಿವೆ. ಮೀನುಗಾಳದ ಕೊಕ್ಕೆಯಂತೆ ಒಳಹೋಗುವಾಗ ಮಡಿಸಿಕೊಳ್ಳುತ್ತವೆ, ಹೊರಗೆಳೆದರೆ ಅರಳಿ ನಿಲ್ಲುತ್ತವೆ. ಬೀಜದ ಮೇಲ್ತುದಿಯಿಂದ ಹೊರಟ ಊಬು ಐದಾರು ಸೆಂಟಿಮೀಟರು, ಕೆಲವೊಮ್ಮೆ ಅದಕ್ಕಿಂತಲೂ ಉದ್ದ. ಅದರ ಕೆಳಭಾಗ ಹಗ್ಗ ಹೊಸೆದಂತೆ ತಿರುಚಿಕೊಂಡಿರುತ್ತದೆ. ಮೇಲ್ಭಾಗ ಮೊಣಕೈಯಂತೆ ಬಾಗಿ ಅಡ್ಡಕ್ಕೆ ಚಾಚಿರುತ್ತದೆ. ತೆನೆ ಬಲಿತಾಗ ಅಕ್ಕಪಕ್ಕದ ಊಬುಗಳು ಒಂದಕ್ಕೊಂದು ಹೆಣೆದುಕೊಂಡು ಜಡೆಯಾಗುತ್ತವೆ. ದೂರದಿಂದಲೇ ಈ ಹುಲ್ಲನ್ನು ಗುರುತಿಸಲು ಈ ಜಡೆ ಸಾಕು.

ತಿರುಚಿದ ಆ ಕೆಳಭಾಗದಲ್ಲಿದೆ ಯಂತ್ರದ ಗುಟ್ಟು. ಸಸ್ಯಕೋಶಗಳ ಗೋಡೆಯಲ್ಲಿ ಸೆಲ್ಯುಲೋಸಿನ ಸಣ್ಣ ಎಳೆಗಳಿರುತ್ತವೆ. ಗೋಡೆ ನೀರು ಹೀರಿದರೆ ಎಳೆಗಳ ಉದ್ದಕ್ಕೆ ಅದು ಹಿಗ್ಗುವುದಿಲ್ಲ, ಎಳೆಗಳ ಅಡ್ಡಕ್ಕೆ ಹಿಗ್ಗುತ್ತದೆ. ಹಸಿ ಮರದ ಹಲಗೆ ಒಣಗಿದಾಗ ಉದ್ದ ಕಡಿಮೆಯಾಗದೆ ಅಗಲ ಮಾತ್ರ ಕುಗ್ಗುವುದನ್ನು ಬಡಗಿಗಳು ಬಲ್ಲರು, ಇದೂ ಅದೇ. ಊಬಿನ ಕೋಶಗಳಲ್ಲಿ ಈ ಎಳೆಗಳು ನೇರವಾಗಿರದೆ ಓರೆಯಾಗಿ ಸುರುಳಿ ಸುತ್ತಿರುತ್ತವೆ. ಆದ್ದರಿಂದ ಒಣಗಿದಾಗ ಕೋಶ ಬರಿದೇ ಕುಗ್ಗುವ ಬದಲು ತಿರುಚಿಕೊಳ್ಳುತ್ತದೆ. ಸಾವಿರಾರು ಕೋಶಗಳು ಒಂದೇ ದಿಕ್ಕಿಗೆ ತಿರುಚಿದರೆ ಊಬೇ ಹೊಸೆದುಕೊಳ್ಳುತ್ತದೆ. ತೇವ ತಾಗಿದರೆ ಹೊಸೆತ ಬಿಚ್ಚುತ್ತದೆ.

ಈಗ ಹುಡುಗಿಯ ಪ್ರಶ್ನೆಗೆ ಬರೋಣ. ಊಬಿನ ಕೋಶಗಳು ಸತ್ತು ಹೋದವು. ತಿರುಗಲು ಅವಕ್ಕೆ ಉಸಿರಾಟ ಬೇಡ, ಆಹಾರ ಬೇಡ, ನರವೂ ಇಲ್ಲ, ಸ್ನಾಯುವೂ ಇಲ್ಲ. ಮುಟ್ಟಿದರೆ ಮುನಿ ಎಲೆ ಮಡಿಸುವುದು ಜೀವಂತ ಕೋಶಗಳ ಕೆಲಸ, ಆದರೆ ಊಬು ತಿರುಗುವುದು ಬರೇ ಭೌತಶಾಸ್ತ್ರ. ಊಬಿಗೆ ಜೀವವಿಲ್ಲ. ಅದರ ಬುಡದಲ್ಲಿರುವ ಬೀಜಕ್ಕೆ ಇದೆ. ಸತ್ತ ಬಾಲವೊಂದು ಬದುಕಿರುವ ಬೀಜಕ್ಕಾಗಿ ದುಡಿಯುತ್ತದೆ.

ಏನು ದುಡಿಮೆ? ಬೀಜ ನೆಲಕ್ಕೆ ಬಿತ್ತೆನ್ನಿ. ಚೂಪಾದ ತುದಿ ಮಣ್ಣಿನ ಯಾವುದೋ ಸಣ್ಣ ಬಿರುಕಿನಲ್ಲಿ ಸಿಕ್ಕಿಕೊಳ್ಳುತ್ತದೆ. ಅಡ್ಡಕ್ಕೆ ಬಾಗಿದ ಬಾಲ ಪಕ್ಕದ ಹುಲ್ಲಿಗೋ ಕಲ್ಲಿಗೋ ಆನಿಕೊಳ್ಳುತ್ತದೆ. ರಾತ್ರಿ ಇಬ್ಬನಿಗೆ ಊಬು ಬಿಚ್ಚಿಕೊಳ್ಳುತ್ತದೆ, ಹಗಲು ಬಿಸಿಲಿಗೆ ಮತ್ತೆ ಹೊಸೆದುಕೊಳ್ಳುತ್ತದೆ. ಬಾಲ ಅಲುಗದಿದ್ದರೆ ತಲೆ ತಿರುಗಬೇಕು ತಾನೆ? ಬೀಜ ಬೈರಿಗೆಯಂತೆ ತಿರುಗುತ್ತ ಒಳಗಿಳಿಯುತ್ತದೆ. ಹಿಂದಕ್ಕೆ ಬಾರದಂತೆ ರೋಮಗಳು ಹಿಡಿದಿರುತ್ತವೆ. ನಾಲ್ಕಾರು ರಾತ್ರಿ–ಹಗಲುಗಳಲ್ಲಿ ಬೀಜ ಮಣ್ಣು ಸೇರಿ, ಬಾಲ ಕಳಚಿ ಬೀಳುತ್ತದೆ. ಚಾರ್ಲ್ಸ್ ಡಾರ್ವಿನ್ನನ ಮಗ ಫ್ರಾನ್ಸಿಸ್ ಡಾರ್ವಿನ್ 1876ರಲ್ಲಿ ಸ್ಟೈಪಾ ಎಂಬ ಇನ್ನೊಂದು ಊಬುಳ್ಳ ಹುಲ್ಲಿನ ಮೇಲೆ ಪ್ರಯೋಗ ನಡೆಸಿ, ಬೀಜಗಳು ತಮ್ಮನ್ನು ತಾವೇ ಹೂತುಕೊಳ್ಳುವ ಈ ಬಗೆಯನ್ನು ವಿವರವಾಗಿ ಬರೆದ. ಅಪ್ಪನ ಹೆಸರಿನ ನೆರಳಿನಲ್ಲಿ ಮರೆಯಾದ ಒಳ್ಳೆಯ ಸಸ್ಯಶಾಸ್ತ್ರಜ್ಞ ಆತ.

ಬೀಜ ಹೂತುಕೊಂಡ ಮಾತ್ರಕ್ಕೆ ಮೊಳೆಯುವುದಿಲ್ಲ. ಹಲವು ತಿಂಗಳು ಸುಪ್ತವಾಗಿಯೇ ಇರುತ್ತದೆ. ಚಳಿಗಾಲದಲ್ಲಿ ಅಕಾಲದ ಮಳೆಯೊಂದು ಬಿದ್ದರೆ ಮೋಸಹೋಗಿ ಮೊಳೆತು, ಮುಂದಿನ ಬಿಸಿಲಿಗೆ ಸುಟ್ಟುಹೋಗುವ ಅಪಾಯ ತಪ್ಪಿತು. ಬೇಸಿಗೆಯಲ್ಲಿ ಬೆಟ್ಟದ ಒಣಹುಲ್ಲಿಗೆ ಬೆಂಕಿ ಬಿದ್ದರೂ ಮಣ್ಣಿನೊಳಗಿನ ಬೀಜಕ್ಕೆ ಶಾಖ ಅಷ್ಟಾಗಿ ತಟ್ಟುವುದಿಲ್ಲ.

ಇಷ್ಟು ಹೇಳಿದ ಮೇಲೆ ಮೈಸೂರಿನವರು ತಿಳಿದಿರಲೇಬೇಕಾದ ಒಂದು ಕಥೆ ಹೇಳಬೇಕು. ನಮ್ಮ ಪಠ್ಯಪುಸ್ತಕಗಳಲ್ಲಿ ಅದು ಏಕೆ ಇಲ್ಲವೋ ನಾನರಿಯೆ, ಇರಬೇಕಿತ್ತು.

ಗಾಳಿಯಲ್ಲಿರುವ ತೇವವನ್ನು ಅಳೆಯುವ ಉಪಕರಣಕ್ಕೆ ಆರ್ದ್ರತಾಮಾಪಕ ಎನ್ನುತ್ತೇವೆ. ಇಂಗ್ಲೆಂಡಿನ ರಾಬರ್ಟ್ ಹುಕ್ 1665ರಲ್ಲಿ ಪ್ರಕಟಿಸಿದ ‘ಮೈಕ್ರೋಗ್ರಾಫಿಯಾ’ದಲ್ಲಿ ಕಾಡು ಓಟ್ಸ್‌ನ ಊಬಿನಿಂದ ಅಂಥದೊಂದು ಉಪಕರಣ ಮಾಡುವುದನ್ನು ವಿವರಿಸಿದ್ದಾನೆ. ಕೋಶವೆಂಬ ಹೆಸರು ಕೊಟ್ಟ ಅದೇ ಹುಕ್. 1783ರಲ್ಲಿ ಜಿನೀವಾದ ದ ಸಾಸ್ಯೂರ್ ಮನುಷ್ಯನ ಕೂದಲಿನಿಂದ ಆರ್ದ್ರತಾಮಾಪಕ ರಚಿಸುವ ವಿಧಾನ ಪ್ರಕಟಿಸಿದ. ಕೂದಲು ತೇವಕ್ಕೆ ಉದ್ದವಾಗುತ್ತದೆ, ಆದರೆ ನೂರಕ್ಕೆ ಎರಡು ಮೂರು ಭಾಗ ಮಾತ್ರ.

1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ನಂತರ ವಿಲಿಯಂ ಲ್ಯಾಂಬ್ಟನ್ ಎಂಬ ಸೇನಾಧಿಕಾರಿ ತ್ರಿಕೋನಮಿತಿಯ ಮಹಾ ಸರ್ವೆ ಆರಂಭಿಸಿದ. ಬೆಟ್ಟದಿಂದ ಬೆಟ್ಟಕ್ಕೆ ದೂರದರ್ಶಕ ಹಿಡಿದು ಕೋನ ಅಳೆಯುವ ಕೆಲಸ ಅದು. ಹತ್ತಾರು ಮೈಲಿ ಗಾಳಿಯಲ್ಲಿ ಹಾದು ಬರುವ ಬೆಳಕು ನೇರವಾಗಿ ಬರದೆ ತುಸು ಬಾಗುತ್ತದೆ. ಗಾಳಿಯ ಶಾಖ, ಒತ್ತಡ, ತೇವ ಬದಲಾದಂತೆ ಈ ಬಾಗು ಬದಲಾಗುತ್ತದೆ. ಸರ್ವೆಯವನಿಗೆ ಹವೆಯ ಸ್ಥಿತಿ ಗೊತ್ತಿರಬೇಕಾದುದು ಇದಕ್ಕಾಗಿ. ಲ್ಯಾಂಬ್ಟನ್ನನ ಸಹಾಯಕನಾಗಿದ್ದವನು ಹೆನ್ರಿ ಕೇಟರ್ ಎಂಬ ತರುಣ ಲೆಫ್ಟಿನೆಂಟ್. ಆತ ಮೈಸೂರು ಸೀಮೆಯ ಹುಲ್ಲೊಂದರ ಊಬನ್ನು ಬಳಸಿ, ತುಂಬ ಸೂಕ್ಷ್ಮವಾದ ಆರ್ದ್ರತಾಮಾಪಕ ತಯಾರಿಸಿದ. ಕಲ್ಕತ್ತೆಯ ಏಷಿಯಾಟಿಕ್ ಸೊಸೈಟಿಯ ‘ಏಷಿಯಾಟಿಕ್ ರಿಸರ್ಚಸ್’ ಒಂಬತ್ತನೆಯ ಸಂಪುಟದಲ್ಲಿ, 1807ರಲ್ಲಿ, ಅದರ ವಿವರಣೆ ಅಚ್ಚಾಯಿತು. ಹುಲ್ಲಿನ ಕನ್ನಡ ಹೆಸರನ್ನೂ ಆತ ಅಲ್ಲಿ ದಾಖಲಿಸಿದ್ದಾನೆ. ಇಂಗ್ಲಿಷ್ ಅಕ್ಷರಗಳಲ್ಲಿ ಅದು ‘ಊಬೀನ ಹೂಲೂ’ ಎಂದಾಗಿದೆ! ಉಚ್ಚಾರ ಹೇಗೇ ಇರಲಿ, ಯಾರೋ ಕನ್ನಡಿಗರು ಆತನಿಗೆ ಹೆಸರು ಹೇಳಿದರು, ಆತ ಕೇಳಿ ಬರೆದುಕೊಂಡ. ಹೇಳಿದವರು ಸರ್ವೆಯ ಸರಪಳಿ ಹಿಡಿದವರೋ, ಬೆಟ್ಟದಲ್ಲಿ ಕುರಿ ಕಾಯುತ್ತಿದ್ದವರೋ, ಅವರ ಹೆಸರು ಮಾತ್ರ ನಮಗೆ ಸಿಗುವುದಿಲ್ಲ.

ಕೂದಲು ನೂರಕ್ಕೆ ಎರಡು ಭಾಗ ಹಿಗ್ಗಿದರೆ ಅದನ್ನು ಸನ್ನೆಕೋಲಿನಿಂದ ಹಿಗ್ಗಿಸಿ ತೋರಿಸಬೇಕು. ಊಬಾದರೋ ಪೂರ್ತಿ ಒಣಗಿದ ಸ್ಥಿತಿಯಿಂದ ಪೂರ್ತಿ ತೊಯ್ದ ಸ್ಥಿತಿಗೆ ಹೋಗುವಾಗ ಹಲವು ಸುತ್ತುಗಳನ್ನೇ ಸುತ್ತುತ್ತದೆ. ಅದಕ್ಕೊಂದು ಮುಳ್ಳು ಅಂಟಿಸಿದರೆ ತೀರಿತು, ಯಾವ ಸನ್ನೆಯೂ ಬೇಡ.

ಬಿ.ಎಸ್ಸಿ. ಓದಿದವರು ಕೇಟರ್ ಎಂದಾಕ್ಷಣ ಕಿವಿ ನೆಟ್ಟಗೆ ಮಾಡಿರಬೇಕು. ಹೌದು, ಭೌತಶಾಸ್ತ್ರದ ಪ್ರಯೋಗಾಲಯದಲ್ಲಿ ಗುರುತ್ವ ವೇಗೋತ್ಕರ್ಷ ಕಂಡುಹಿಡಿಯಲು ಆಂದೋಲನ ಎಣಿಸಿ ಎಣಿಸಿ ಬೇಸತ್ತೆವಲ್ಲ, ಆ ಕೇಟರ್ ಲೋಲಕದ ಕೇಟರನೇ ಈತ. ಆರೋಗ್ಯ ಕೆಟ್ಟು ಇಂಗ್ಲೆಂಡಿಗೆ ಮರಳಿದ ಮೇಲೆ 1817ರ ಸುಮಾರಿಗೆ ಆ ಲೋಲಕ ರೂಪಿಸಿದ. ಲೋಲಕ ಪಠ್ಯಕ್ಕೆ ಬಂತು, ಹುಲ್ಲು ಬರಲಿಲ್ಲ.

ಈ ಹುಲ್ಲು ಮೈಸೂರಿಗೆ ಮಾತ್ರ ಸೇರಿದ್ದೆಂದು ಭಾವಿಸಬೇಡಿ. ಮಳೆ ಕಡಿಮೆಯಿರುವ ಬೆಚ್ಚನೆಯ ನಾಡುಗಳಲ್ಲೆಲ್ಲ ಇದೆ. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿನಲ್ಲಿ ದನ ಮೇಯುವ ಬಯಲುಗಳಿಗೆ ಇದರದೇ ಹೆಸರು. ಕಬ್ಬು, ಜೋಳ, ಲಾವಂಚ, ನಿಂಬೆಹುಲ್ಲು ಇವೆಲ್ಲ ಇದರ ಹತ್ತಿರದ ಬಂಧುಗಳು. ಕಬ್ಬಿನಂತೆ ಇದೂ ಸಿ-4 ಎಂಬ ದ್ಯುತಿಸಂಶ್ಲೇಷಣೆಯ ವಿಧಾನ ಅನುಸರಿಸುತ್ತದೆ. ಅಂದರೆ ಬಿರುಬಿಸಿಲಿನಲ್ಲೂ ಕಡಿಮೆ ನೀರು ಖರ್ಚು ಮಾಡಿ ಹೆಚ್ಚು ಆಹಾರ ತಯಾರಿಸಬಲ್ಲುದು. ಇನ್ನೊಂದು ಮುಖ್ಯ ಸಂಗತಿ: ಇದು ರಾಗಿಯಂತೆ ಒಂದು ಬೆಳೆಗೆ ಮುಗಿಯುವುದಲ್ಲ, ಬಹುವಾರ್ಷಿಕ. ಬೇಸಿಗೆಯಲ್ಲಿ ಮೇಲೆ ಒಣಗಿ ಸತ್ತಂತೆ ಕಂಡರೂ ಬುಡದ ಮೊಗ್ಗುಗಳು ಜೀವ ಹಿಡಿದಿದ್ದು, ಮುಂಗಾರಿನ ಮೊದಲ ಮಳೆಗೆ ಹಳೆಯ ಬುಡದಿಂದಲೇ ಹಸಿರೊಡೆಯುತ್ತದೆ. ಮಳೆಯ ಮೊದಲ ಹೊಡೆತ ಬೀಳುವಾಗ ಮಣ್ಣನ್ನು ಹಿಡಿದುಕೊಳ್ಳಲು ಬೇರು ಆಗಲೇ ಅಲ್ಲಿ ಸಿದ್ಧವಾಗಿರುತ್ತದೆ.

ಇದರ ಬೆಲೆ ಏನೆಂದು ತಿಳಿಯಲು ಶಾಂತಸಾಗರದ ನಡುವಿನ ಹವಾಯಿ ದ್ವೀಪಗಳಿಗೆ ಒಂದು ಸುತ್ತು ಹೋಗಿಬರೋಣ. ನಮಗೂ ಅವಕ್ಕೂ ಒಂದು ಹೋಲಿಕೆಯಿದೆ. ಪಶ್ಚಿಮಘಟ್ಟ ಮುಂಗಾರು ಮೋಡಗಳನ್ನು ತಡೆದು, ಆಗುಂಬೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರಿಗೂ ಹೆಚ್ಚು ಸುರಿಸಿ, ಮೈಸೂರಿಗೆ 800ರಷ್ಟು ಮಾತ್ರ ಉಳಿಸುತ್ತದೆ. ನಾವಿರುವುದು ಮಳೆ ನೆರಳಿನಲ್ಲಿ. ಹವಾಯಿಯಲ್ಲೂ ಹಾಗೆಯೇ. ಮಾವಿ ದ್ವೀಪದ ಹಲೆಯಾಕಲ ಎಂಬ ಜ್ವಾಲಾಮುಖಿ 3055 ಮೀಟರು ಎತ್ತರ. ಈಶಾನ್ಯದಿಂದ ಬೀಸುವ ಗಾಳಿಯ ತೇವವೆಲ್ಲ ಅಲ್ಲೇ ಇಳಿದು, ಅದರ ಮರೆಯಲ್ಲಿರುವ ಕಹೊಒಲವೆ ಎಂಬ ಪುಟ್ಟ ದ್ವೀಪಕ್ಕೆ ಬರುವುದು ಒಣಗಾಳಿ. ನಮ್ಮ ಊಬಿನ ಹುಲ್ಲು ಇಂಥ ಒಣ ಭಾಗಗಳ ಸಹಜ ಸಸ್ಯ. ಅಲ್ಲಿನವರು ಅದನ್ನು ‘ಪಿಲಿ’ ಎನ್ನುತ್ತಾರೆ, ಅಂಟಿಕೊಳ್ಳುವುದು ಎಂದರ್ಥ. ಅವರ ಗಮನ ಬಟ್ಟೆಗೆ ಅಂಟಿದ್ದರ ಮೇಲೆ ಹೋಯಿತು, ನಮ್ಮವರದು ಊಬಿನ ಮೇಲೆ! ಹಿಂದೆ ಮನೆಗಳ ಮಾಡು ಹೊದಿಸಲು ಅವರು ಮೆಚ್ಚಿ ಬಳಸುತ್ತಿದ್ದ ಹುಲ್ಲು ಇದೇ.

ಕಹೊಒಲವೆಗೆ ಹತ್ತೊಂಬತ್ತನೆಯ ಶತಮಾನದಲ್ಲಿ ಕುರಿ, ಮೇಕೆ, ದನಗಳನ್ನು ತಂದು ಮಿತಿಯಿಲ್ಲದೆ ಮೇಯಿಸಿದರು. 1941ರ ಡಿಸೆಂಬರಿನಲ್ಲಿ ಪರ್ಲ್ ಹಾರ್ಬರಿನ ಮೇಲೆ ದಾಳಿಯಾದ ನಂತರ ಅಮೆರಿಕದ ನೌಕಾಪಡೆ ಇಡೀ ದ್ವೀಪವನ್ನೇ ಬಾಂಬು ಹಾಕುವ ಅಭ್ಯಾಸಕ್ಕೆ ಇಟ್ಟುಕೊಂಡಿತು. ಜನರ ಹೋರಾಟದ ಫಲವಾಗಿ 1990ರಲ್ಲಿ ಬಾಂಬು ನಿಂತಿತು, 1994ರಲ್ಲಿ ದ್ವೀಪ ರಾಜ್ಯದ ವಶಕ್ಕೆ ಮರಳಿತು. ಅಷ್ಟರಲ್ಲಿ ಮೇಲ್ಮಣ್ಣು ಕೊಚ್ಚಿಹೋಗಿ, ದ್ವೀಪದ ನೆತ್ತಿ ಕೆಂಪು ಗಟ್ಟಿನೆಲವಾಗಿತ್ತು. ಅದನ್ನು ಮತ್ತೆ ಹಸಿರು ಮಾಡಲು ಹೊರಟವರು ಬಳಸಿದ ಸಸ್ಯಗಳಲ್ಲಿ ಪಿಲಿ ಹುಲ್ಲು ಮುಖ್ಯವಾದದ್ದು. ಬೀಜ ಬಲಿತ ಹುಲ್ಲನ್ನು ಕೊಯ್ದು ಹೊರೆ ಕಟ್ಟಿ, ಆ ಹೊರೆಗಳನ್ನು ಕೊರಕಲುಗಳಿಗೆ ಅಡ್ಡ ಇಟ್ಟರು. ಹರಿಯುವ ಮಣ್ಣು ಹೊರೆಗೆ ತಡೆದು ನಿಲ್ಲುತ್ತದೆ, ಹೊರೆಯೊಳಗಿನ ಬೀಜ ಆ ಮಣ್ಣಿನಲ್ಲೇ ಹುಟ್ಟುತ್ತದೆ.

ಕೋಟಿಗಟ್ಟಲೆ ವೆಚ್ಚ ಮಾಡಿ ಅವರು ಮತ್ತೆ ಬೆಳೆಸುತ್ತಿರುವ ಹುಲ್ಲನ್ನು ನಾವು ಏನೆಂದು ಕರೆಯುತ್ತೇವೆ? ಬಂಜರು, ಬೀಳು, ಖಾಲಿ ಜಾಗ. ಹಳೇ ಮೈಸೂರಿನವರು ಹಾಗೆ ಕರೆಯುತ್ತಿರಲಿಲ್ಲ, ಕಾವಲು ಎನ್ನುತ್ತಿದ್ದರು. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಬೆಣ್ಣೆ ಚಾವಡಿಯೆಂದಿದ್ದ, ಟಿಪ್ಪುವಿನ ಕಾಲದಲ್ಲಿ ಅಮೃತ ಮಹಲ್ ಆದ ಇಲಾಖೆಯ ದನಗಳಿಗೆ ಈ ಕಾವಲುಗಳೇ ಆಧಾರ. ಒಂದು ಕಾವಲಿನ ಹುಲ್ಲು ಬಲಿಯುವವರೆಗೆ ದನವನ್ನು ಇನ್ನೊಂದಕ್ಕೆ ಹೊಡೆಯುವ ವ್ಯವಸ್ಥೆ ಅದು. ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆಯ ಬಳಿ ಇಂಥ ಕಾವಲುಗಳ ಸಾವಿರಾರು ಎಕರೆ, 2008ರ ನಂತರದ ವರ್ಷಗಳಲ್ಲಿ, ವಿಜ್ಞಾನ ಮತ್ತು ರಕ್ಷಣಾ ಸಂಸ್ಥೆಗಳಿಗೆ ಹಂಚಿಕೆಯಾಯಿತು. ಕುರಿ ದನ ಮೇಯಿಸುತ್ತಿದ್ದ ಹಳ್ಳಿಗರು ಹಸಿರು ನ್ಯಾಯಮಂಡಳಿಯವರೆಗೂ ಹೋದರು. ವಿಜ್ಞಾನ ಸಂಸ್ಥೆ ಬೇಡವೆನ್ನಲು ವಿಜ್ಞಾನದ ಮೇಷ್ಟರಿಗೆ ಬಾಯಿ ಬರುವುದಿಲ್ಲ. ಆದರೆ ಹುಲ್ಲುಗಾವಲನ್ನು ‘ಖಾಲಿ’ ಎಂದು ಲೆಕ್ಕ ಬರೆಯುವುದು ವಿಜ್ಞಾನವಲ್ಲ. ಪರಿಸರ ದಿನಾಚರಣೆ ಬಂತೆಂದರೆ ಹುಲ್ಲು ಅಗೆದು ಗಿಡ ನೆಟ್ಟು ಫೋಟೋ ತೆಗೆಸಿಕೊಳ್ಳುವ ಉತ್ಸಾಹಿಗಳಿಗೂ ಈ ಮಾತು ಸಲ್ಲುತ್ತದೆ. ಮರವಿಲ್ಲದ ಕಡೆಯೆಲ್ಲ ಮರ ಇರಬೇಕಾಗಿತ್ತು ಎಂದೇನೂ ಇಲ್ಲ.

ಹಾಗೆಂದು ಊಬಿನ ಹುಲ್ಲು ಸಾಧುವೆಂದು ಹೇಳಲಾರೆ. ಎಳೆಯದಿದ್ದಾಗ ಒಳ್ಳೆಯ ಮೇವು. ತೆನೆ ಬಿಟ್ಟ ಮೇಲೆ ಕುರಿಯ ಉಣ್ಣೆಗೆ ಹೊಕ್ಕು, ಚರ್ಮ ಕೊರೆದು, ಬಾಯಿ ಹುಣ್ಣಾಗಿಸುತ್ತದೆ. ಹೂ ಬಿಡುವ ಮುನ್ನವೇ ಕೊಯ್ದು ಒಣಗಿಸಿಕೊಂಡರೆ ತೊಂದರೆಯಿಲ್ಲ. ಸಾಕುನಾಯಿ ಇರುವವರು ಹುಲ್ಲಿನಲ್ಲಿ ತಿರುಗಾಡಿ ಬಂದ ಮೇಲೆ ಅದರ ಕಿವಿ, ಬೆರಳ ಸಂದಿ ನೋಡುವುದು ಒಳ್ಳೆಯದು.

ಈಗ ಕೇಟರನ ಉಪಕರಣವನ್ನು ನೀವೇ ಮಾಡಿ. ಬೀಜಕ್ಕಾಗಿ ಬೆಟ್ಟದ ಕಾಡಿನೊಳಗೆ ನುಗ್ಗುವುದು ಬೇಡ. ಅದು ಮೀಸಲು ಅರಣ್ಯ, ಚಿರತೆಯೂ ಇದೆ. ದಾರಿ ಬದಿಯ ಹುಲ್ಲಿನಿಂದ ಕಾಲುಚೀಲಕ್ಕೆ ಅಂಟಿದ್ದೇ ಬೇಕಾದಷ್ಟಾಯಿತು. ಬಾಲ ಮುರಿಯದ ನಾಲ್ಕೈದು ಬೀಜ ಆರಿಸಿ. ಒಂದು ಸೋಪಿನ ತುಂಡಿಗೆ ಬೀಜದ ಚೂಪು ತುದಿಯನ್ನು ನೆಟ್ಟಗೆ ಚುಚ್ಚಿ ನಿಲ್ಲಿಸಿ. ನಡುವೆ ತೂತು ಮಾಡಿದ ದುಂಡು ರಟ್ಟನ್ನು ಊಬಿನ ಸುತ್ತ, ಅದಕ್ಕೆ ತಾಗದಂತೆ ಕೂರಿಸಿ. ಬಾಗಿದ ಬಾಲವೇ ಗಡಿಯಾರದ ಮುಳ್ಳು. ಅದರ ಮೇಲೆ ಒಮ್ಮೆ ಬಾಯಿಂದ ಹಾ ಎಂದು ಉಸಿರು ಬಿಡಿ, ಕಣ್ಣೆದುರೇ ಹೊರಳುತ್ತದೆ.

ಅಳತೆ ಗುರುತಿಸಲು ಅಡುಗೆಮನೆ ಸಾಕು. ಒಂದು ಗಾಜಿನ ಜಾಡಿಯೊಳಗೆ ಒದ್ದೆ ಬಟ್ಟೆಯ ಜೊತೆ ಉಪಕರಣವನ್ನಿಟ್ಟು ಮುಚ್ಚಿ. ಕೆಲವು ತಾಸಿನ ನಂತರ ಮುಳ್ಳು ನಿಂತಲ್ಲಿ 100 ಎಂದು ಬರೆಯಿರಿ. ಬಟ್ಟೆಯ ಬದಲು ಪೂರ್ತಿ ಕರಗದಷ್ಟು ಉಪ್ಪಿಗೆ ತುಸು ನೀರು ಬೆರೆಸಿ ಬಟ್ಟಲಲ್ಲಿಟ್ಟರೆ ಮುಚ್ಚಿದ ಜಾಡಿಯ ಗಾಳಿಯ ಸಾಪೇಕ್ಷ ಆರ್ದ್ರತೆ ಶೇಕಡ 75ಕ್ಕೆ ಬಂದು ನಿಲ್ಲುತ್ತದೆ. ಇದು ಪ್ರಯೋಗಾಲಯಗಳಲ್ಲೂ ಬಳಸುವ ವಿಧಾನ. ಒಣ ತುದಿಗೆ, ಚೆನ್ನಾಗಿ ಹುರಿದು ಆರಿಸಿದ ಅಕ್ಕಿಯನ್ನು ಜಾಡಿಯ ತಳಕ್ಕೆ ಹಾಕಿ ನೋಡಿ. ಸೊನ್ನೆ ಎಂದು ಬರೆಯುವಷ್ಟು ಒಣಗದು, ‘ಒಣ’ ಎಂದು ಬರೆದರೆ ಸಾಕು. ಮುಳ್ಳು ಒಂದಕ್ಕಿಂತ ಹೆಚ್ಚು ಸುತ್ತು ಸುತ್ತುವುದರಿಂದ ಎಣಿಸುತ್ತ ಕೂರಬೇಕು, ಅಲ್ಲಿ ಮೈಮರೆತರೆ ಲೆಕ್ಕ ತಪ್ಪುತ್ತದೆ.

ಮೊಬೈಲಿನಲ್ಲಿಯೇ ತೇವಾಂಶ ಕಾಣುತ್ತದಲ್ಲ ಎಂದು ದೊಡ್ಡವರು ಹೇಳಬಹುದು. ಅದು ಊರಿನದು, ನಿಮ್ಮ ಮನೆಯ ಒಳಗಿನದಲ್ಲ. ಬೀಜ ತಂದಿದ್ದ ಹುಡುಗಿಯ ಮನೆಯಲ್ಲಿ ಊದುಬತ್ತಿ ಹೊಸೆಯುತ್ತಾರೆ. ಸಾವಿರಕ್ಕಿಷ್ಟು ಎಂದು ಕೂಲಿ. ಮೋಡ ಮುಸುಕಿದ ದಿನ ಬತ್ತಿ ಆರದೆ, ಬೂಷ್ಟು ಹಿಡಿದರೆ ಆ ದಿನದ ದುಡಿಮೆ ನಷ್ಟ. ಅವಳು ಸೋಪಿನ ತುಂಡನ್ನು ಬತ್ತಿ ಹರಡುವ ಕೋಣೆಯ ಗೂಡಿನಲ್ಲಿಟ್ಟು, ಮುಳ್ಳು ಯಾವ ಗುರುತು ದಾಟಿದರೆ ಬತ್ತಿ ಸಂಜೆಗೆ ಆರುವುದಿಲ್ಲ ಎಂಬುದನ್ನು ಹದಿನೈದು ದಿನ ಬರೆದಿಟ್ಟಳು. ತಾಯಿ ಈಗ ಅದನ್ನು ಎಸೆಯುವುದಿಲ್ಲ.

ನೀವೂ ಬೆಳಿಗ್ಗೆ ಏಳಕ್ಕೆ, ಮಧ್ಯಾಹ್ನ ಎರಡಕ್ಕೆ ಎಂದು ಎರಡು ಹೊತ್ತು ಮುಳ್ಳಿನ ಜಾಗವನ್ನು ನೋಟ್‌ಬುಕ್ಕಿನಲ್ಲಿ ಗುರುತು ಹಾಕಿ. ಪಕ್ಕದಲ್ಲಿ ಇಬ್ಬನಿ ಇತ್ತೇ, ಮೋಡವಿತ್ತೇ, ಗಾಳಿ ಯಾವ ಕಡೆಯಿಂದ ಎಂದು ಬರೆಯಿರಿ. ಒಂದೇ ಊಬು ದಿನಗಳೆದಂತೆ ಸಡಿಲವಾಗುವುದರಿಂದ ತಿಂಗಳಿಗೊಮ್ಮೆ ಉಪ್ಪಿನ ಜಾಡಿಯಲ್ಲಿಟ್ಟು 75ರ ಗುರುತನ್ನು ಸರಿನೋಡಿಕೊಳ್ಳಿ. ಮಾರ್ಗಶಿರದ ಚಳಿಯಲ್ಲಿ ಬೆಳಗಿಗೂ ಮಧ್ಯಾಹ್ನಕ್ಕೂ ಎಷ್ಟು ಸುತ್ತಿನ ಅಂತರವಿತ್ತು, ಯುಗಾದಿಯ ಹೊತ್ತಿಗೆ ಎಷ್ಟಾಯಿತು ಎಂಬುದನ್ನು ಬರೆದು ಕಳಿಸಿದರೆ ಮುಂದೊಂದು ವಾರ ಎಲ್ಲವನ್ನೂ ಒಟ್ಟಿಗೆ ನೋಡೋಣ.